ರುಜುವಿನ ಬೆಲೆ, ಕಾಗದದ ಬಾಳು

ಹಳೆಯ ಕಾಗದವೊಂದರ ಅಡಿಯಲ್ಲಿ ಯಾರೋ ಗೀಚಿದ ಎರಡು ಪದಗಳಿಗೆ ಲಕ್ಷಗಟ್ಟಲೆ ಹಣ ಸುರಿಯುವವರು ಲೋಕದಲ್ಲಿದ್ದಾರೆ ಎಂದರೆ ಮದ್ದೂರಿನ ಸಂತೆಯಲ್ಲಾಗಲಿ, ಮಳವಳ್ಳಿಯ ಪೇಟೆಯಲ್ಲಾಗಲಿ ತಟ್ಟನೆ ನಂಬುವವರು ಕಡಿಮೆ. ನಮ್ಮಲ್ಲಿ ಹಳೆಯ ಕಾಗದಕ್ಕೆ ಬೆಲೆ ಕಟ್ಟುವುದು ತಕ್ಕಡಿಯಲ್ಲಿ. ರದ್ದಿಯವನು ಬಂದಾಗ ಹಳೆಯ ಪತ್ರಿಕೆ, ಮಕ್ಕಳ ನೋಟ್ ಪುಸ್ತಕಗಳ ಜೊತೆಗೆ ತಾತನ ಪೆಟ್ಟಿಗೆಯ ಕಾಗದಗಳೂ ಹೋಗುತ್ತವೆ. ಆದರೆ ಲಂಡನ್, ಎಡಿನ್‌ಬರೊ, ನ್ಯೂಯಾರ್ಕ್‌ಗಳ ಹರಾಜು ಕೋಣೆಗಳಲ್ಲಿ ಬರ್ನ್ಸ್, ಬೈರನ್, ಡಿಕನ್ಸ್, ಬರ್ನಾರ್ಡ್ ಷಾ ಇವರ ಕೈಬರಹದ ಒಂದು ಹಾಳೆಗೆ ಜನ ಕೈ ಎತ್ತಿ ಪೈಪೋಟಿ ನಡೆಸುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನ ಲೇಖಕರ ರುಜು, ಕಾಗದಗಳನ್ನು ಕೂಡಿಡುವುದು ಇನ್ನೂರು ವರ್ಷಗಳಿಂದ ಬೆಳೆದುಬಂದ ದೊಡ್ಡ ಹವ್ಯಾಸ. ಅದೊಂದು ವ್ಯಾಪಾರವೂ ಹೌದು.

ಇದು ಉಳ್ಳವರ ಹುಚ್ಚು, ನಮಗೇನು ಎಂದು ಪುಟ ತಿರುಗಿಸಿಬಿಡಬಹುದು. ಆದರೆ ಈ ಹವ್ಯಾಸದ ಚರಿತ್ರೆಯ ಕೆಲವು ಹಾಳೆಗಳು ನಮ್ಮ ಮಂಡ್ಯ ಜಿಲ್ಲೆಯ ನೆಲದಲ್ಲೇ ಬರೆದವು. ಇನ್ನು ಕೆಲವು ಪಕ್ಕದ ಮೈಸೂರಿನ ಮನೆಬಾಗಿಲಿಗೆ ಅಂಚೆಯಲ್ಲಿ ಬಂದವು. ಅವು ಈಗ ಎಲ್ಲಿವೆ, ಅಲ್ಲಿಗೆ ಹೇಗೆ ಹೋದವು ಎಂದು ನೋಡಿದರೆ ರುಜುವಿಗಿಂತ ದೊಡ್ಡ ಪ್ರಶ್ನೆಯೊಂದು ಎದುರಾಗುತ್ತದೆ.

ಹವ್ಯಾಸ ಹುಟ್ಟಿದ ಬಗೆ

ಹಸ್ತಾಕ್ಷರದ ಮೇಲಿನ ಗೌರವ ನಮಗೆ ಹೊಸದಲ್ಲ. ವಿಜಯನಗರದ ಅರಸರ ತಾಮ್ರಶಾಸನಗಳನ್ನು ನೋಡಿ. ಶಾಸನದ ಮೈ ನಾಗರಿ ಲಿಪಿಯಲ್ಲಿದ್ದರೂ ಕೊನೆಯ 'ಶ್ರೀ ವಿರೂಪಾಕ್ಷ' ಎಂಬ ಅಂಕಿತ ಮಾತ್ರ ಕನ್ನಡ ಅಕ್ಷರಗಳಲ್ಲಿರುತ್ತದೆ. ಅರಸ ತನ್ನ ಹೆಸರಿನ ಬದಲು ದೇವರ ಹೆಸರಿನಲ್ಲಿ ರುಜು ಹಾಕುತ್ತಿದ್ದ. ಮುಮ್ಮಡಿ ಕೃಷ್ಣರಾಜ ಒಡೆಯರ ನಿರೂಪಗಳಲ್ಲಿ 'ಶ್ರೀಕೃಷ್ಣ' ಎಂಬ ರುಜು ಕಾಣುತ್ತದೆ. ಟಿಪ್ಪು ಸುಲ್ತಾನ್ ತನ್ನ ಆಜ್ಞಾಪತ್ರಗಳ ತಲೆಯಲ್ಲಿ 'ನಬಿ ಮಾಲಿಕ್' ಎಂದು ಬರೆಯುತ್ತಿದ್ದ. ಈ ರುಜುಗಳನ್ನು ಜನ ಜೋಪಾನ ಮಾಡಿದ್ದು ಅವು ಭೂಮಿಕಾಣಿಯ ಹಕ್ಕಿಗೆ ಸಾಕ್ಷಿಯಾದ್ದರಿಂದ. ಇನಾಮಿನ ಕಾಗದ ಕಳೆದರೆ ಇನಾಮೂ ಹೋದಂತೆ.

ಇಂಗ್ಲೆಂಡಿನಲ್ಲಿ ಬೆಳೆದ ಹವ್ಯಾಸ ಬೇರೆ ಬಗೆಯದು. ಅಲ್ಲಿ ಜನ ಕಾಗದವನ್ನು ಹಕ್ಕಿಗಾಗಿ ಇಟ್ಟುಕೊಳ್ಳಲಿಲ್ಲ, ಬರೆದವರ ನೆನಪಿಗಾಗಿ ಇಟ್ಟುಕೊಂಡರು. ಈ ಹವ್ಯಾಸದ ಹಿರಿಯ ಎಂದು ಹೆಸರಾದವನು ವಿಲಿಯಂ ಅಪ್‌ಕಾಟ್ (1779–1845). ವೃತ್ತಿಯಲ್ಲಿ ಗ್ರಂಥಪಾಲಕ. ಆತ ಕೂಡಿಹಾಕಿದ್ದ ಕಾಗದಗಳ ಸಂಖ್ಯೆ ಸುಮಾರು 32,000. ಅವನ ಬಗ್ಗೆ ಒಂದು ಪ್ರಸಿದ್ಧ ಕಥೆ ಇದೆ. ವಾಟನ್ ಎಂಬ ಊರಿನ ಈವ್ಲಿನ್ ಮನೆತನದ ಬಂಗಲೆಗೆ ಅವನು ಹೋದಾಗ, ಮನೆಯೊಡತಿ ಹಿರಿಯರ ಕಾಲದ ಕಾಗದಗಳನ್ನು ಬಟ್ಟೆ ಹೊಲಿಯುವ ಅಳತೆಗೆ ಕತ್ತರಿಸಿ ಬಳಸುತ್ತಿದ್ದರಂತೆ. ಅಪ್‌ಕಾಟ್ ಆ ರಾಶಿಯ ಬೆಲೆ ತಿಳಿಸಿದ. ಆ ಮನೆಯಲ್ಲಿದ್ದ, ಹದಿನೇಳನೆಯ ಶತಮಾನದ ಜಾನ್ ಈವ್ಲಿನ್ ಬರೆದ ದಿನಚರಿ 1818ರಲ್ಲಿ ಅಚ್ಚಾಯಿತು. ಆ ಕಾಲದ ಲಂಡನ್ನಿನ ಜೀವನವನ್ನು ತಿಳಿಯಲು ಅದು ಇಂದಿಗೂ ಮುಖ್ಯ ಆಧಾರ. ಕಡಲೆಕಾಯಿ ಕಟ್ಟುವ ಪೊಟ್ಟಣಗಳಲ್ಲಿ ನಮ್ಮ ಎಷ್ಟು ದಿನಚರಿಗಳು ಹೋಗಿವೆಯೋ!

1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಬಂತು. ಕಾಗದ ಬರೆಯುವುದು ಸಾಮಾನ್ಯರಿಗೂ ಎಟುಕಿತು. ಇಲ್ಲಿ ಮೈಸೂರು ಸಂಸ್ಥಾನ ತನ್ನದೇ ಅಂಚೆಯನ್ನು ನಡೆಸಿಕೊಂಡು ಬಂದು, 1889ರಲ್ಲಿ ಅದನ್ನು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಸಿತು. ಅಂಚೆ ಸುಲಭವಾದಂತೆ ಓದುಗರು ಲೇಖಕರಿಗೆ ಬರೆದು ರುಜು ಕೇಳುವ ಹಾವಳಿಯೂ ಹೆಚ್ಚಿತು. ತನ್ನ ಖಾಸಗಿ ಮಾತು ಪರರ ಕೈಗೆ ಬೀಳಬಾರದೆಂದು ಚಾರ್ಲ್ಸ್ ಡಿಕನ್ಸ್ 1860ರಲ್ಲಿ ತನಗೆ ಬಂದಿದ್ದ ಕಾಗದಗಳನ್ನೆಲ್ಲ ಮನೆಯ ಹಿಂದೆ ಬೆಂಕಿಗೆ ಹಾಕಿದ. ಐರಿಷ್ ನಾಟಕಕಾರ ಬರ್ನಾರ್ಡ್ ಷಾ ಬಗ್ಗೆ ಹೇಳುವ ಕಥೆ ತಮಾಷೆಯದು. ಸ್ನೇಹಿತರೊಬ್ಬರಿಗೆ ರುಜು ಹಾಕಿ ಕೊಟ್ಟಿದ್ದ ತನ್ನ ಪುಸ್ತಕವನ್ನು ಷಾ ಹಳೆಪುಸ್ತಕದ ಅಂಗಡಿಯಲ್ಲಿ ಕಂಡನಂತೆ. ಅದನ್ನು ತಾನೇ ಕೊಂಡು, ಅದರ ಮೇಲೆ ಇನ್ನೊಂದು ಸಲ ಶುಭಾಶಯ ಬರೆದು, ಅದೇ ಸ್ನೇಹಿತರಿಗೆ ಕಳಿಸಿದನಂತೆ.

ಈ ಹವ್ಯಾಸಕ್ಕೆ ಒಂದು ಕೆಟ್ಟ ಮುಖವೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಎಷ್ಟೋ ಮಂದಿ ರುಜುವನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಂಡು ಉಳಿದ ಹಾಳೆಯನ್ನು ಎಸೆದರು. ಯಾರಿಗೆ ಬರೆದದ್ದು, ಎಂದು ಬರೆದದ್ದು, ಏತಕ್ಕೆ ಬರೆದದ್ದು ಎಲ್ಲವೂ ಹೋಯಿತು. ಹೆಸರು ಮಾತ್ರ ಉಳಿಯಿತು. ತೆಂಗಿನಕಾಯಿ ಬಿಸಾಡಿ ಕರಟ ಇಟ್ಟುಕೊಂಡಂತೆ. ಇಂದು ಹೀಗೆ ಕತ್ತರಿಸಿದ ರುಜುವಿಗಿಂತ ಇಡೀ ಕಾಗದಕ್ಕೆ ಎಷ್ಟೋ ಪಟ್ಟು ಹೆಚ್ಚು ಬೆಲೆ ಬರುತ್ತದೆ. ಅದರಲ್ಲೂ ಲೇಖಕ ತನ್ನ ಬರವಣಿಗೆಯ ವಿಷಯವನ್ನೇ ಪ್ರಸ್ತಾಪಿಸಿದ ಕಾಗದವಾದರೆ ಇನ್ನೂ ಹೆಚ್ಚು.

ಮಳವಳ್ಳಿಯ ದಾರಿಯಲ್ಲಿ

ನಮ್ಮ ನೆಲಕ್ಕೂ ಈ ವಿಚಾರಕ್ಕೂ ಇರುವ ನಂಟು ಯುದ್ಧದಿಂದ ಶುರುವಾಗುತ್ತದೆ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕದನವಾಯಿತು. ಟಿಪ್ಪು ಹಿಂದೆ ಸರಿದ. ಇಂಗ್ಲಿಷರು ಸೋಸಲೆಯ ಬಳಿ ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದರು. ಮೇ 4ರಂದು ಕೋಟೆ ಬಿತ್ತು. ಮಳವಳ್ಳಿಯಲ್ಲಿ ಒಂದು ದಳವನ್ನು ನಡೆಸಿದ ಕರ್ನಲ್ ಡಬ್ಲಿನ್ನಿನಲ್ಲಿ ಹುಟ್ಟಿದ ಐರಿಷ್ ಮನೆತನದವನು, ಆರ್ಥರ್ ವೆಲ್ಲೆಸ್ಲಿ. ಮುಂದೆ ನೆಪೋಲಿಯನ್ನನನ್ನು ವಾಟರ್‌ಲೂನಲ್ಲಿ ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದವನು ಇವನೇ.

ಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ಅವನ ಕೈಗೆ ಬಂತು. ದರಿಯಾ ದೌಲತ್‌ನಲ್ಲಿ ಬೀಡುಬಿಟ್ಟು ಅವನು ಬರೆದ ಕಾಗದಗಳಿಗೆ ಲೆಕ್ಕವಿಲ್ಲ. ಎತ್ತುಗಳು, ಅಕ್ಕಿ, ರಸ್ತೆ, ಸಿಪಾಯಿಗಳ ಸಂಬಳ, ಕೋಟೆಯ ದುರಸ್ತಿ ಹೀಗೆ ದಿನನಿತ್ಯದ ಸಂಗತಿಗಳೇ ಅವುಗಳಲ್ಲಿ ಹೆಚ್ಚು. 1834ರಿಂದ ಅವನ ಪತ್ರಗಳು ಸಂಪುಟ ಸಂಪುಟವಾಗಿ ಅಚ್ಚಾದವು. ಬಿಗಿಯಾದ ಇಂಗ್ಲಿಷ್ ಗದ್ಯಕ್ಕೆ ಮಾದರಿ ಎಂದು ಅವನ್ನು ಓದುವವರೂ ಇದ್ದಾರೆ. ಮೂಲ ಕಾಗದಗಳ ದೊಡ್ಡ ಭಾಗ 1983ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾನಿಲಯ ಸೇರಿತು. ಅಲ್ಲಿರುವ ವೆಲಿಂಗ್ಟನ್ ಸಂಗ್ರಹ ಸುಮಾರು ಒಂದು ಲಕ್ಷ ಕಾಗದಗಳದ್ದು. ಶ್ರೀರಂಗಪಟ್ಟಣದ ಸುತ್ತಿನ ಹಳ್ಳಿಗಳು ಯುದ್ಧದ ಮರುವರ್ಷ ಹೇಗಿದ್ದವು ಎಂದು ತಿಳಿಯಬೇಕಾದ ಮಂಡ್ಯದ ಸಂಶೋಧಕ ಇಂಗ್ಲೆಂಡಿನ ಆ ಊರಿನ ಕಡೆಗೆ ಮುಖ ಮಾಡಬೇಕು.

ವೆಲ್ಲೆಸ್ಲಿಯ ರುಜುವಿನಲ್ಲಿ ಸಂಗ್ರಾಹಕರು ಬಲ್ಲ ಒಂದು ಗುಟ್ಟಿದೆ. ಅವನ ಮನೆತನದ ಹೆಸರು ಮೊದಲು 'ವೆಸ್ಲಿ' ಎಂದಿತ್ತು. ಅವನು ಇಂಡಿಯಾಕ್ಕೆ ಬಂದಾಗಲೂ ಹಾಗೇ ರುಜು ಹಾಕುತ್ತಿದ್ದ. 1798ರಲ್ಲಿ 'ವೆಲ್ಲೆಸ್ಲಿ' ಎಂದು ಬದಲಿಸಿಕೊಂಡ. 1809ರಲ್ಲಿ ಪದವಿ ಬಂದ ಮೇಲೆ ಬರಿಯ 'ವೆಲಿಂಗ್ಟನ್' ಆದ. ಹಾಗಾಗಿ ಶ್ರೀರಂಗಪಟ್ಟಣದ ಕೋಟೆಯಿಂದ 1800ರಲ್ಲಿ ಬರೆದದ್ದು ಎಂದು ಯಾರಾದರೂ 'ವೆಸ್ಲಿ' ಎಂಬ ರುಜುವಿನ ಕಾಗದ ತಂದರೆ, ಬಲ್ಲವರು ಮೊದಲು ಸಂಶಯದಿಂದಲೇ ನೋಡುತ್ತಾರೆ.

ಅದೇ ಕೋಟೆಯಲ್ಲಿ ಸೋತವನ ಕೈಬರಹವೂ ಕಡಲು ದಾಟಿತು. ಟಿಪ್ಪುವಿನ ಪುಸ್ತಕಭಂಡಾರದ ಸುಮಾರು 2000 ಗ್ರಂಥಗಳ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಪ್ರಕಟಿಸಿದ. ಟಿಪ್ಪು ಬರೆದ ಕಾಗದಗಳ ಆಯ್ದ ಅನುವಾದವನ್ನು ವಿಲಿಯಂ ಕಿರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಹೊರತಂದ. ಎಲ್ಲಕ್ಕಿಂತ ವಿಶೇಷವಾದದ್ದು ಅರಮನೆಯಲ್ಲಿ ಸಿಕ್ಕ ಚಿಕ್ಕ ಪುಸ್ತಕ. ಟಿಪ್ಪು ತಾನು ಕಂಡ 37 ಕನಸುಗಳನ್ನು ಪಾರಸಿಯಲ್ಲಿ ಸ್ವಂತ ಕೈಯಿಂದ ಬರೆದಿಟ್ಟದ್ದು. ಅವನ ಮುನ್ಷಿ ಹಬೀಬುಲ್ಲಾ ಅದನ್ನು ಗುರುತಿಸಿದ. ಅಂಥದೊಂದು ಪುಸ್ತಕ ಇದೆಯೆಂದು ಅವನಿಗೆ ಗೊತ್ತಿತ್ತು. ಆದರೆ ಸುಲ್ತಾನ ಅದನ್ನು ಯಾರ ಕಣ್ಣಿಗೂ ಬೀಳದಂತೆ ಬರೆಯುತ್ತಿದ್ದ. 1800ರಲ್ಲಿ ಅಲೆಕ್ಸಾಂಡರ್ ಬೀಟ್ಸನ್ ಅದನ್ನು ಕಂಪೆನಿಯ ನಿರ್ದೇಶಕರಿಗೆ ಒಪ್ಪಿಸಿದ. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಯಾರ ಕೈಯಿಂದ ಯಾರ ಕೈಗೆ ಬಂತು, ಗುರುತಿಸಿದವರು ಯಾರು ಎಂಬ ಇಂಥ ಸರಪಳಿ ಹಸ್ತಾಕ್ಷರದ ಲೋಕದಲ್ಲಿ ಬಹಳ ಮುಖ್ಯ. ಸರಪಳಿಯ ಒಂದು ಕೊಂಡಿ ಕಳಚಿದರೂ ಕಾಗದದ ಮೇಲಿನ ನಂಬಿಕೆ ಸಡಿಲವಾಗುತ್ತದೆ.

ಖೋಟಾ ರುಜುಗಳ ಕಾಟ

ಬೆಲೆ ಇದ್ದಲ್ಲಿ ಮೋಸವೂ ಇರುತ್ತದೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಎಂದೊಡನೆ 'ಮೈಸೂರು ಮಲ್ಲಿಗೆ' (1942) ನೆನಪಾಗುತ್ತದೆ. ಅದರ ಹಿಂದೆಯೇ ಅವರು ಮೆಚ್ಚಿ ಕನ್ನಡಕ್ಕೆ ತಂದ ಸ್ಕಾಟ್‌ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ನೆನಪಾಗುತ್ತಾನೆ. ಖೋಟಾ ಕಾಗದಗಳ ಹಾವಳಿಗೆ ಬಹಳವಾಗಿ ಸಿಕ್ಕವರಲ್ಲಿ ಈ ಬರ್ನ್ಸ್ ಒಬ್ಬ. ಎಡಿನ್‌ಬರೊದಲ್ಲಿ ಅಲೆಕ್ಸಾಂಡರ್ ಹೌಲ್ಯಾಂಡ್ ಸ್ಮಿತ್ ಎಂಬ ಗುಮಾಸ್ತನಿದ್ದ. ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನು ಹರಿದುಕೊಂಡು ಅವುಗಳ ಮೇಲೆ ಬರ್ನ್ಸ್, ವಾಲ್ಟರ್ ಸ್ಕಾಟ್ ಮೊದಲಾದವರ ಹೆಸರಿನಲ್ಲಿ ಕಾಗದ, ಕವನಗಳನ್ನು ಬರೆದು ಮಾರಿದ. 1893ರಲ್ಲಿ ಅವನಿಗೆ ಒಂದು ವರ್ಷದ ಜೈಲುವಾಸವಾಯಿತು. ಅವನ ಸರಕು ಪೂರ್ತಿ ಮಾಯವಾಗಲಿಲ್ಲ. ಸ್ಕಾಟ್‌ಲೆಂಡಿನ ಹಳೆಯ ಮನೆಗಳಿಂದ ಹೊರಬರುವ ಬರ್ನ್ಸ್ ಕಾಗದವನ್ನು ಬಲ್ಲವರು ಈಗಲೂ ಎರಡು ಸಲ ನೋಡುತ್ತಾರೆ.

ಅವನನ್ನು ಹಿಡಿದುಕೊಟ್ಟ ಗುರುತುಗಳಲ್ಲಿ ಹುಳು ಕೊರೆದ ತೂತುಗಳೂ ಸೇರಿದ್ದವು. ನಿಜವಾದ ಹಳೆಯ ಕಾಗದದಲ್ಲಿ ಬರೆದ ಮೇಲೆ ಹುಳು ಬೀಳುತ್ತದೆ; ಆದ್ದರಿಂದ ತೂತು ಅಕ್ಷರದ ನಡುವೆಯೇ ಹಾದುಹೋಗಿರುತ್ತದೆ. ಸ್ಮಿತ್‌ನ ಅಕ್ಷರಗಳು ತೂತಿನ ಪಕ್ಕಕ್ಕೆ ಸರಿದು ನಿಂತಿದ್ದವು. ತೂತು ಮೊದಲು, ಬರಹ ಆಮೇಲೆ ಎಂಬುದನ್ನು ಕಾಗದವೇ ಸಾರಿಹೇಳುತ್ತಿತ್ತು.

ಪರೀಕ್ಷೆಯ ಇತರ ಕ್ರಮಗಳೂ ಹೀಗೇ ಸರಳ. ಕಾಗದವನ್ನು ಬೆಳಕಿಗೆ ಹಿಡಿದರೆ ನೋಟಿನಲ್ಲಿ ಕಾಣುವಂತೆ ವಾಟರ್‌ಮಾರ್ಕ್ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಅನೇಕ ಇಂಗ್ಲಿಷ್ ಕಾಗದಗಳಲ್ಲಿ ತಯಾರಾದ ವರ್ಷವೇ ಅದರಲ್ಲಿ ಇರುತ್ತದೆ. ಬರೆದ ತಾರೀಖಿಗಿಂತ ಕಾಗದ ತಯಾರಾದ ವರ್ಷ ಈಚಿನದಾದರೆ ಅಲ್ಲಿಗೆ ಕಥೆ ಮುಗಿಯಿತು. ಹಳೆಯ ಕಾಲದ ಮಸಿಯಲ್ಲಿ ಕಬ್ಬಿಣದ ಅಂಶವಿತ್ತು. ಅದು ಕಾಲಕ್ರಮದಲ್ಲಿ ಕಂದು ಬಣ್ಣಕ್ಕೆ ತಿರುಗಿ ಹಾಳೆಯನ್ನು ತಿನ್ನುತ್ತದೆ. 1840ಕ್ಕೆ ಹಿಂದೆ ಸಾಮಾನ್ಯವಾಗಿ ಕಾಗದವನ್ನೇ ಮಡಿಸಿ, ಅರಗಿನ ಮುದ್ರೆ ಒತ್ತಿ, ಹೊರಮೈಯಲ್ಲಿ ವಿಳಾಸ ಬರೆಯುತ್ತಿದ್ದರು. ಲಕೋಟೆಯ ಬಳಕೆ ಹಬ್ಬಿದ್ದು ಆಮೇಲೆ. ಅಂಚೆಯ ಠಸ್ಸೆ ಊರನ್ನೂ ದಿನವನ್ನೂ ಹೇಳುತ್ತದೆ. ಇನ್ನು ಪ್ರಸಿದ್ಧರ ಪರವಾಗಿ ಕಾರ್ಯದರ್ಶಿಗಳು ರುಜು ಮಾಡುವುದು, ಅಚ್ಚು ಹಾಕಿದ ರುಜುವನ್ನು ಕಳಿಸುವುದು, ಯಂತ್ರವೇ ಪೆನ್ನು ಹಿಡಿದು ರುಜು ಮಾಡುವುದು ಇವೂ ಉಂಟು. ಹೀಗಾಗಿ ಬರಿಯ ರುಜುವನ್ನು ನೋಡಿ ನಿಜ ಸುಳ್ಳು ಹೇಳುವುದು ಕಷ್ಟ. ಇಡೀ ಕಾಗದವಿದ್ದರೆ ಸಾಕ್ಷಿ ಹೇಳಲು ಹತ್ತು ಬಾಯಿಗಳಿರುತ್ತವೆ.

ಮೈಸೂರಿಗೆ ಬಂದ ಕಾಗದಗಳು

ಒಬ್ಬ ಇಂಗ್ಲಿಷ್ ಲೇಖಕನ ಕಾಗದಗಳು ಕನ್ನಡನಾಡಿನ ಮನೆಯೊಂದರ ಬಾಳನ್ನೇ ಬದಲಿಸಿದ ಉದಾಹರಣೆ ಬೇಕಾದರೆ ಆರ್.ಕೆ. ನಾರಾಯಣ್ ಅವರ ಕಥೆಯನ್ನು ನೋಡಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದ ಅವರು ಮೂವತ್ತರ ದಶಕದಲ್ಲಿ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಲಂಡನ್ನಿನ ಪ್ರಕಾಶಕರಿಗೆ ಕಳಿಸಿದರು. ಹೋದಷ್ಟೇ ವೇಗದಲ್ಲಿ ಹಸ್ತಪ್ರತಿ ಮರಳಿ ಬರುತ್ತಿತ್ತು. ಕೊನೆಗೆ ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಗೆಳೆಯ ಹಾಗೆ ಮಾಡದೆ ಹಸ್ತಪ್ರತಿಯನ್ನು ಗ್ರಹಾಂ ಗ್ರೀನ್ ಎಂಬ ತರುಣ ಕಾದಂಬರಿಕಾರನ ಕೈಗೆ ಕೊಟ್ಟರು. ಗ್ರೀನ್ ಮೆಚ್ಚಿ ಹ್ಯಾಮಿಷ್ ಹ್ಯಾಮಿಲ್ಟನ್ ಎಂಬ ಪ್ರಕಾಶಕರಿಗೆ ಶಿಫಾರಸು ಮಾಡಿದ. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಹೊರಬಂತು. ನಾರಾಯಣಸ್ವಾಮಿ ಎಂಬ ಹೆಸರನ್ನು ಇಂಗ್ಲಿಷ್ ಓದುಗರ ಸಲುವಾಗಿ ನಾರಾಯಣ್ ಎಂದು ಮೊಟಕು ಮಾಡಿದ್ದೂ ಗ್ರೀನ್ ಸಲಹೆಯಿಂದಲೇ.

ಅಲ್ಲಿಂದ ಶುರುವಾದ ಪತ್ರವ್ಯವಹಾರ 1991ರಲ್ಲಿ ಗ್ರೀನ್ ತೀರಿಕೊಳ್ಳುವವರೆಗೆ ಅರ್ಧ ಶತಮಾನಕ್ಕೂ ಮೇಲೆ ನಡೆಯಿತು. ಮೊದಲ ನಾಲ್ಕು ಕಾದಂಬರಿಗಳಿಗೆ ನಾಲ್ಕು ಪ್ರಕಾಶಕರು: 1935, 1937, 1938, 1945. ಪುಸ್ತಕ ಚೆನ್ನಾಗಿದೆ ಎನ್ನುವವರಿದ್ದರು, ಕೊಳ್ಳುವವರಿರಲಿಲ್ಲ. ಗ್ರೀನ್ ಒಂದೊಂದು ಸಲವೂ ಹೊಸ ಬಾಗಿಲು ತಟ್ಟುತ್ತಿದ್ದ. ಇಬ್ಬರೂ ಮುಖತಃ ಭೇಟಿಯಾದದ್ದು 1956ರಲ್ಲಿ, ಲಂಡನ್ನಿನಲ್ಲಿ. ಅದಕ್ಕೆ ಮೊದಲಿನ ಇಪ್ಪತ್ತು ವರ್ಷಗಳ ಸ್ನೇಹಕ್ಕೆ ಕಾಗದ, ಮಸಿ, ಅಂಚೆಚೀಟಿ ಇವಿಷ್ಟೇ ಆಧಾರ. ಮಾಲ್ಗುಡಿ ಎಂಬ ಊರು ಲೋಕದ ಕಣ್ಣಿಗೆ ಬಿದ್ದದ್ದು ಈ ಕಾಗದಗಳ ಹಾದಿಯಲ್ಲಿ.

ಆ ಕಾಗದಗಳು ಈಗ ಎಲ್ಲಿವೆ? ನಾರಾಯಣ್ ಅವರ ಕಾಗದಪತ್ರಗಳ ಸಂಗ್ರಹ ಅಮೆರಿಕದ ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿದೆ. ಗ್ರೀನ್ ಅವರ ಸ್ವಂತ ಪುಸ್ತಕಗಳು, ಕಾಗದಪತ್ರಗಳ ದೊಡ್ಡ ಸಂಗ್ರಹವೂ ಅದೇ ನಗರದ ಅಂಚಿನ ಬಾಸ್ಟನ್ ಕಾಲೇಜಿನಲ್ಲಿದೆ. ಇದು ಕಳ್ಳತನದಿಂದಲೋ ದಂಡಯಾತ್ರೆಯಿಂದಲೋ ಆದದ್ದಲ್ಲ. ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ 1963ರಲ್ಲಿ ವಿಶೇಷ ಸಂಗ್ರಹ ವಿಭಾಗ ಆರಂಭಿಸಿದ ಹೋವರ್ಡ್ ಗಾಟ್ಲಿಬ್ ಒಂದು ಹೊಸ ಪದ್ಧತಿ ಹಿಡಿದರು. ಲೇಖಕರು ಸಾಯುವವರೆಗೆ ಕಾಯದೆ, ಬದುಕಿರುವ ಲೇಖಕರಿಗೇ ಕಾಗದ ಬರೆದು ನಿಮ್ಮ ಹಸ್ತಪ್ರತಿ, ಪತ್ರಗಳನ್ನು ನಮಗೆ ಕೊಡಿ, ಕಾಪಾಡುತ್ತೇವೆ ಎಂದು ಕೇಳತೊಡಗಿದರು. ಹೀಗೆ ನೂರಾರು ಲೇಖಕರ ಪೆಟ್ಟಿಗೆಗಳು ಅಲ್ಲಿಗೆ ಹೋದವು. ಕೇಳಿದವರಿಗೆ ಸಿಕ್ಕಿತು. ನಮ್ಮ ಕಡೆಯಿಂದ ಅಂಥ ಕಾಗದಗಳು ಎಷ್ಟು ಲೇಖಕರಿಗೆ ಹೋಗಿದ್ದವು ಎಂಬುದನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಮನೆಯ ಕಥೆಯೂ ಹೆಚ್ಚುಕಡಿಮೆ ಕೈಬಿಟ್ಟು ಹೋಗುವುದರಲ್ಲಿತ್ತು. ಯಾದವಗಿರಿಯ ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದ್ದಾಗ ಪತ್ರಿಕೆಗಳು ಬರೆದವು, ಜನ ದನಿ ಎತ್ತಿದರು, ಕೆಲಸ ನಿಂತಿತು. ದುರಸ್ತಿಯಾಗಿ 2016ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಗೋಡೆ ಮೈಸೂರಿನಲ್ಲಿ ಉಳಿಯಿತು. ಗೋಡೆಯೊಳಗೆ ನಡೆದ ಮಾತುಕತೆ ಬಾಸ್ಟನ್ನಿನಲ್ಲಿ ಉಳಿಯಿತು. ಅಲ್ಲಿ ಅದು ಸುರಕ್ಷಿತವಾಗಿದೆ ಎಂಬುದೂ ನಿಜ. ಗೆದ್ದಲು, ಇರಚಲು, ರದ್ದಿ ಇವುಗಳ ಬಾಯಿಗೆ ಬೀಳುವುದಕ್ಕಿಂತ ದೂರದ ಕಪಾಟು ಮೇಲು. ಆದರೆ ಮಂಡ್ಯದ ಕಾಲೇಜಿನಲ್ಲಿ ನಾರಾಯಣ್ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಅದು ಎಟುಕುವ ದೂರವಲ್ಲ.

ರುಜುವಿಲ್ಲದ ಒಂದು ಭೇಟಿ

ಎಲ್ಲ ನಂಟಿಗೂ ಕಾಗದದ ಸಾಕ್ಷಿ ಇರಬೇಕೆಂದಿಲ್ಲ. 1924ರಲ್ಲಿ ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ ಮೈಸೂರಿಗೆ ಬಂದಿದ್ದರು. 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಅವರು ಆನಿ ಬೆಸೆಂಟರ ಕರೆಯ ಮೇಲೆ 1915ರಲ್ಲಿ ಇಂಡಿಯಾಕ್ಕೆ ಬಂದು ಮದನಪಲ್ಲಿಯಲ್ಲಿ ನೆಲೆಸಿದವರು. ಡಬ್ಲಿನ್ನಿನಲ್ಲಿದ್ದಾಗ ಕವಿ ಯೇಟ್ಸ್ ಅವರ ಬಳಗದಲ್ಲಿ ಓಡಾಡಿದ್ದವರು. ಇನ್ನೂ ಹೆಸರಾಗಿರದ ಜೇಮ್ಸ್ ಜಾಯ್ಸ್ 1904ರಲ್ಲಿ ಕೆಲವು ದಿನ ತಂಗಿದ್ದು ಈ ಕಸಿನ್ಸ್ ದಂಪತಿಗಳ ಮನೆಯಲ್ಲೇ.

ಆಗ ಮೈಸೂರಿನಲ್ಲಿ ಓದುತ್ತಿದ್ದ ಕೆ.ವಿ. ಪುಟ್ಟಪ್ಪ ಎಂಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವನಗಳನ್ನು ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿದ. 'ಬಿಗಿನರ್ಸ್ ಮ್ಯೂಸ್' ಎಂಬ ಸಂಕಲನ 1922ರಲ್ಲೇ ಅಚ್ಚಾಗಿತ್ತು. ಹೊಗಳಿಕೆ ಬಯಸಿ ಹೋದವನಿಗೆ ಸಿಕ್ಕಿದ್ದು ಒಂದು ಪ್ರಶ್ನೆ: ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು. ತಾಯಿನುಡಿಯಲ್ಲಿ ಬರೆಯುವಂತೆ ಕಸಿನ್ಸ್ ಹೇಳಿದರು. ಹುಡುಗನಿಗೆ ಮೊದಲು ಬೇಸರವಾಯಿತು. ಆಮೇಲೆ ಆ ಹುಡುಗ ಕುವೆಂಪು ಆದದ್ದು ನಾಡಿಗೇ ಗೊತ್ತು. ಇದನ್ನೆಲ್ಲ ಕುವೆಂಪು 'ನೆನಪಿನ ದೋಣಿಯಲ್ಲಿ' ದಾಖಲಿಸಿರುವುದರಿಂದ ನಮಗೆ ತಿಳಿದಿದೆ. ಅವರು ಬರೆದಿಡದೆ ಹೋಗಿದ್ದರೆ ಕನ್ನಡ ಸಾಹಿತ್ಯದ ದಿಕ್ಕು ತಿರುಗಿಸಿದ ಆ ಕೆಲವು ನಿಮಿಷಗಳು ಗಾಳಿಯಲ್ಲಿ ಕರಗುತ್ತಿದ್ದವು. ಆಟೋಗ್ರಾಫ್ ಪುಸ್ತಕದಲ್ಲಿ ಕಸಿನ್ಸ್ ರುಜು ಪಡೆದು ಬಂದಿದ್ದರೆ ಇಷ್ಟು ದೊಡ್ಡ ಸಂಗತಿ ಅದರಿಂದ ತಿಳಿಯುತ್ತಿತ್ತೇ?

ಹರಳಹಳ್ಳಿಯ ಪಾಠ

ಹಣವಿದ್ದವರು, ಓದಿದವರು ಮಾತ್ರ ಇಂಥ ಕೆಲಸಕ್ಕೆ ಕೈಹಾಕಬಲ್ಲರು ಎಂಬ ಮಾತನ್ನು ನಮ್ಮ ಜಿಲ್ಲೆಯೇ ಸುಳ್ಳು ಮಾಡಿದೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ 'ಪುಸ್ತಕದ ಮನೆ'ಯನ್ನು ನೋಡಿದವರಿಗೆ ಇದು ಗೊತ್ತು. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದ ಅವರು ಸಂಬಳದ ಬಹುಪಾಲನ್ನು ಪುಸ್ತಕಕ್ಕೆ ಸುರಿದರು. ಮೈಸೂರಿನ ನಿವೇಶನವನ್ನೂ ಮಾರಿದರು. ಇಪ್ಪತ್ತು ಲಕ್ಷದ ಆಸುಪಾಸು ಎಂದು ಅಂದಾಜು ಮಾಡುವ ಆ ರಾಶಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪುಸ್ತಕಗಳೂ ಇವೆ. ಓದಲು ಯಾರಿಂದಲೂ ಹಣ ಕೇಳುವುದಿಲ್ಲ.

ಹಳೆಯ ಪುಸ್ತಕವೆಂದರೆ ಅಚ್ಚಾದ ಪುಟಗಳು ಮಾತ್ರವಲ್ಲ. ಮೊದಲ ಖಾಲಿ ಹಾಳೆಯಲ್ಲಿ ಕೊಟ್ಟವರ ಹೆಸರು, ಪಡೆದವರ ಹೆಸರು, ಊರು, ತಾರೀಖು ಇರುತ್ತವೆ. ಅಂಚುಗಳಲ್ಲಿ ಓದಿದವರ ಟಿಪ್ಪಣಿ ಇರುತ್ತದೆ. ಪುಟಗಳ ನಡುವೆ ಒಮ್ಮೊಮ್ಮೆ ಒಂದು ಪೋಸ್ಟ್ ಕಾರ್ಡ್ ಸಿಗುತ್ತದೆ. ಪುಸ್ತಕ ಎಲ್ಲೆಲ್ಲಿ ತಿರುಗಿತು, ಯಾರು ಓದಿದರು ಎಂಬುದಕ್ಕೆ ಇವೇ ಆಧಾರ. ಹೊಸ ರಟ್ಟು ಹಾಕಿಸುವಾಗ ಬೈಂಡಿಂಗಿನವರು ಮೊದಲು ಕಿತ್ತೆಸೆಯುವುದೂ ಇದೇ ಹಾಳೆಯನ್ನು.

ಬ್ರಿಟಿಷ್ ಲೇಖಕರ ರುಜು ನಮ್ಮ ಊರಿನ ಅಟ್ಟಗಳ ಮೇಲೆ ಸಿಗುವುದು ಅಪರೂಪವೇ. ಆದರೆ ಈ ಹವ್ಯಾಸ ಕಲಿಸಿದ ಪಾಠ ನಮ್ಮ ಲೇಖಕರಿಗೂ ಹೊಂದುತ್ತದೆ. ಮೇಲುಕೋಟೆಯ ಪು.ತಿ.ನ., ಕಿಕ್ಕೇರಿಯ ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಈ ಜಿಲ್ಲೆಯವರು. ಕನ್ನಡ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲಿ 1974, 1994, 2024ರಲ್ಲಿ, ಹೀಗೆ ಮೂರು ಸಲ ನಡೆದಿದೆ. ಸಮ್ಮೇಳನ ನಡೆಸಿದವರಿಗೆ, ಮೇಷ್ಟರುಗಳಿಗೆ, ಗೆಳೆಯರಿಗೆ ಆ ಕಾಲದ ಲೇಖಕರು ಬರೆದ ಕಾಗದಗಳು ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಇನ್ನೂ ಇರಬಹುದು. ಕಾಗದ ಬರೆಯುವ ರೂಢಿಯೇ ನಿಂತುಹೋಗಿರುವುದರಿಂದ ಹೊಸವು ಇನ್ನು ಸೇರುವುದಿಲ್ಲ. ಇರುವುದಷ್ಟೇ ಗಂಟು.

ಕಾಗದ ಯಾರದು?

ಇಂಥದೊಂದು ಕಾಗದ ಕೈಗೆ ಸಿಕ್ಕರೆ ಅದು ಯಾರ ಸ್ವತ್ತು ಎಂಬ ಪ್ರಶ್ನೆ ಸಹಜ. ಉತ್ತರ 1741ರಷ್ಟು ಹಿಂದೆಯೇ ಇಂಗ್ಲೆಂಡಿನ ಕೋರ್ಟಿನಲ್ಲಿ ಸಿಕ್ಕಿದೆ. ತನ್ನ ಕಾಗದಗಳನ್ನು ಕೇಳದೆ ಅಚ್ಚು ಹಾಕಿದ ಎಡ್ಮಂಡ್ ಕರ್ಲ್ ಎಂಬ ಪುಸ್ತಕ ವ್ಯಾಪಾರಿಯ ಮೇಲೆ ಕವಿ ಅಲೆಕ್ಸಾಂಡರ್ ಪೋಪ್ ದಾವೆ ಹೂಡಿದ. ಕಾಗದದ ಹಾಳೆ ಅದನ್ನು ಪಡೆದವನದು, ಅದರಲ್ಲಿನ ಮಾತು ಬರೆದವನದು ಎಂದು ತೀರ್ಪಾಯಿತು. ಈಗಲೂ ಇದೇ ನ್ಯಾಯ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡು 60 ವರ್ಷ ಕಳೆಯುವವರೆಗೆ ಆ ಮಾತಿನ ಹಕ್ಕು ವಾರಸುದಾರರದು. ಕಾಗದ ನಿಮ್ಮದಾದರೂ ಪೂರ್ತಿಯಾಗಿ ಅಚ್ಚು ಹಾಕಲು ಅವರನ್ನು ಕೇಳಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ಚಾರಿತ್ರಿಕ ಅಥವಾ ಸಾಹಿತ್ಯಕ ಮಹತ್ವವುಳ್ಳ, 75 ವರ್ಷ ದಾಟಿದ ಹಸ್ತಪ್ರತಿಯನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಕಾನೂನು ಕಾಯುವುದು ಗಡಿಯನ್ನು. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕಾಯಬೇಕಾದವರು ಮನೆಯವರೇ.

ಕಾಪಾಡುವ ಕ್ರಮವೇನೂ ದುಬಾರಿಯಲ್ಲ. ರುಜುವನ್ನು ಕತ್ತರಿಸಬಾರದು. ಲಕೋಟೆಯನ್ನು ಎಸೆಯಬಾರದು, ಅಂಚೆಚೀಟಿ ಕೀಳಬಾರದು, ಠಸ್ಸೆಯಲ್ಲಿ ತಾರೀಖಿದೆ. ಹರಿದ ಕಡೆ ಸೆಲೋಟೇಪು ಅಂಟಿಸಬಾರದು, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ; ಅಂಟು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಅಕ್ಷರವನ್ನು ನುಂಗುತ್ತದೆ. ತಂತಿಗೆ ಚುಚ್ಚುವುದು, ಪಿನ್ನು ಹಾಕುವುದು ಬಿಟ್ಟು ಬಿಡಿಸಿಟ್ಟ ಹಾಳೆಗಳನ್ನು ಒಣಗಿದ, ಬಿಸಿಲು ಬೀಳದ ಕಡೆ ಪೆಟ್ಟಿಗೆಯಲ್ಲಿಡಬೇಕು. ಬರೆದವರು ಯಾರು, ಪಡೆದವರು ಯಾರು, ಅವರಿಗೂ ಇವರಿಗೂ ಏನು ಸಂಬಂಧ ಎಂಬುದನ್ನು ಬೇರೊಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಇದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಬರೆಸಿಕೊಳ್ಳಬೇಕು. ಮನೆಯಲ್ಲಿ ಇಡಲಾಗದವರು ರಾಜ್ಯ ಪತ್ರಾಗಾರ ಇಲಾಖೆಯನ್ನೋ ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನೋ ವಿಚಾರಿಸಬಹುದು. ಕೊಡುವಾಗ ಪಟ್ಟಿ ಮಾಡಿ, ರಸೀದಿ ಪಡೆದು ಕೊಡುವುದು ಲೇಸು.

ಈವ್ಲಿನ್ ಮನೆಯ ಕಾಗದ ಉಳಿದದ್ದು ಬಲ್ಲವನೊಬ್ಬ ಸರಿಯಾದ ಸಮಯಕ್ಕೆ ಆ ಮನೆಗೆ ಹೋದದ್ದರಿಂದ. ನಾರಾಯಣ್ ಕಾಗದ ಉಳಿದದ್ದು ದೂರದ ಗ್ರಂಥಾಲಯವೊಂದು ಲೇಖಕರನ್ನು ಕೇಳುವ ಪದ್ಧತಿ ಇಟ್ಟುಕೊಂಡಿದ್ದರಿಂದ. ನಮ್ಮ ತಾಲ್ಲೂಕುಗಳಲ್ಲಿ ಕಾಲೇಜುಗಳಿವೆ, ಗ್ರಂಥಾಲಯಗಳಿವೆ, ಸಾಹಿತ್ಯ ಪರಿಷತ್ತಿನ ಘಟಕಗಳಿವೆ. ಮನೆಮನೆಗೆ ಹೋಗಿ ಕೇಳುವ ಕೆಲಸವನ್ನು ಯಾರಾದರೂ ಹಮ್ಮಿಕೊಂಡರೆ ಎಷ್ಟೋ ಪೆಟ್ಟಿಗೆಗಳು ತೆರೆದಾವು. ಕೇಳುವವರು ಬರುವ ಹೊತ್ತಿಗೆ ರದ್ದಿಯವನ ತಕ್ಕಡಿ ಅವರಿಗಿಂತ ಮೊದಲೇ ಬಂದು ಹೋಗದಿರಲಿ.